ಜಾಲದಲ್ಲಿದ್ದೂ ಕಾಣದ ಕನ್ನಡ

ನೌಕರಿ ಬಿಟ್ಟು ತೀರ್ಥಹಳ್ಳಿಯ ಬಳಿಯ ಅಡಿಕೆ ತೋಟಕ್ಕೆ ಮರಳಿದ್ದ ನನ್ನ ಅಣ್ಣನ ಮಗ, ಕೆಲವು ವರ್ಷಗಳ ಹಿಂದೆ ಜುಲೈ ತಿಂಗಳ ಒಂದು ಸಂಜೆ ದೂರವಾಣಿ ಮಾಡಿದ. ತೋಟದಲ್ಲಿ ಕೊಳೆರೋಗ ಕಾಣಿಸಿಕೊಂಡಿತ್ತು. ಬೋರ್ಡೋ ದ್ರಾವಣ ತಯಾರಿಸುವಾಗ ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯಬೇಕೋ, ಸುಣ್ಣವನ್ನು ಮೈಲುತುತ್ತಕ್ಕೋ ಎಂಬುದು ಅವನ ಸಂದೇಹ. 'ಚಿಕ್ಕಪ್ಪ, ನೀವೇ ಇದರ ಬಗ್ಗೆ ಬರೆದಿದ್ದಿರಲ್ಲ, ಮೊಬೈಲಿನಲ್ಲಿ ಎಷ್ಟು ಹುಡುಕಿದರೂ ಸಿಗುತ್ತಿಲ್ಲ' ಎಂದ. ಅವನಿಗೆ ಸಿಕ್ಕಿದ್ದು ಔಷಧಿ ಮಾರುವವರ ಜಾಹೀರಾತುಗಳು ಮತ್ತು ದ್ರಾಕ್ಷಿ ಬೆಳೆಗಾರರಿಗಾಗಿ ಬರೆದ ಇಂಗ್ಲಿಷ್ ಪುಟಗಳು. ಅಷ್ಟರಲ್ಲಿ ಮಳೆ ಬಿಡುವು ಕೊಟ್ಟಿದ್ದ ಎರಡು ದಿನಗಳು ಕಳೆದುಹೋಗಿದ್ದವು.

ತಲಾ 1 ಕಿಲೋ ಮೈಲುತುತ್ತ ಮತ್ತು ಸುಣ್ಣಕ್ಕೆ ಒಟ್ಟು 100 ಲೀಟರ್ ನೀರು. ಮೈಲುತುತ್ತದ ದ್ರಾವಣವನ್ನೇ ಸುಣ್ಣದ ತಿಳಿಗೆ ಸುರಿಯಬೇಕು. ಇದು ನಾನು ಬರೆದ ಲೇಖನದಲ್ಲಿತ್ತು. ಆ ಲೇಖನ ನಮ್ಮ ಗೆಳೆಯರ ಬಳಗದ ಜಾಲತಾಣದಲ್ಲಿಯೂ ಇತ್ತು. ಇದ್ದೂ ಕಾಣದಿರುವುದು ಹೇಗೆ?

ಉತ್ತರ ಹುಡುಕುವ ಮೊದಲು ಒಂದು ಮೂರ್ಖತನ ಮಾಡಿದೆವು. 'ಮೂರೇ ತಿಂಗಳಲ್ಲಿ ಗೂಗಲ್‌ನ ಮೊದಲ ಪುಟ' ಎಂದು ಭರವಸೆಯಿತ್ತ ನಗರದ ಸಂಸ್ಥೆಯೊಂದಕ್ಕೆ ಹಣ ಕೊಟ್ಟೆವು. ಅವರು ಪುಟದ ತಳದಲ್ಲಿ ಬಿಳಿ ಹಿನ್ನೆಲೆಯ ಮೇಲೆ ಬಿಳಿ ಅಕ್ಷರಗಳಲ್ಲಿ 'ಅಡಿಕೆ, ಅಡಿಕೆ' ಎಂದು ಹತ್ತಾರು ಬಾರಿ ಬರೆದಿಟ್ಟರು. ಎಲ್ಲಿಯದೋ ಸಂಬಂಧವಿಲ್ಲದ ತಾಣಗಳಿಂದ ಕೊಂಡಿಗಳನ್ನು ಕೊಂಡು ತಂದರು. ಲ್ಯಾರಿ ಪೇಜ್ ಮತ್ತು ಸರ್ಗೇ ಬ್ರಿನ್ 1998ರಲ್ಲಿ ಪ್ರಕಟಿಸಿದ ಪದ್ಧತಿಯಲ್ಲಿ, ಒಂದು ಪುಟಕ್ಕೆ ಇತರ ಪುಟಗಳು ನೀಡುವ ಕೊಂಡಿಯೇ ಅದರ ಮಹತ್ತ್ವದ ಸಾಕ್ಷಿಯಾಗಿತ್ತು. ಸಾಕ್ಷಿಗೆ ಬೆಲೆ ಬಂದ ಮೇಲೆ ಸುಳ್ಳುಸಾಕ್ಷಿಗಳು ಹುಟ್ಟದಿರುತ್ತವೆಯೇ? ಪುಟದೊಳಗೆ ಅಡಗಿಸಿಡುವ ಕೀಲಿಪದಗಳ ಪಟ್ಟಿಯನ್ನು ತಾನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲವೆಂದು ಗೂಗಲ್ 2009ರಲ್ಲಿಯೇ ಹೇಳಿತ್ತು. ಕೊಂಡಿಗಳ ಇಂತಹ ವ್ಯಾಪಾರಕ್ಕೆ 2012ರಲ್ಲಿ ಕಡಿವಾಣ ಹಾಕತೊಡಗಿತು. ಹಳೆಯ ಸರಕು ಮಾತ್ರ ಮಾರಾಟವಾಗುತ್ತಲೇ ಇತ್ತು. ನಮ್ಮ ತಾಣ ಮತ್ತಷ್ಟು ಹಿಂದಕ್ಕೆ ಸರಿಯಿತು.

ನಿಜವಾದ ಕಾರಣವನ್ನು ತೋರಿಸಿಕೊಟ್ಟದ್ದು ಬಳಗದ ಗೆಳೆಯರೊಬ್ಬರ ಮಗಳು. ನಮ್ಮ ಹಳೆಯ ಲೇಖನಗಳನ್ನು ಯೂನಿಕೋಡ್‌ಗೆ ಮೊದಲಿನ ನುಡಿ ಅಕ್ಷರಶೈಲಿಯಲ್ಲಿ ಬೆರಳಚ್ಚು ಮಾಡಲಾಗಿತ್ತು. ಆ ಕಾಲದ ಅಕ್ಷರಶೈಲಿಗಳಲ್ಲಿ ಕಣ್ಣಿಗೆ ಕನ್ನಡ ಕಾಣುತ್ತಿದ್ದರೂ ಗಣಕದ ಒಳಗೆ ಇರುತ್ತಿದ್ದುದು ಲ್ಯಾಟಿನ್ ಅಕ್ಷರಗಳು ಮತ್ತು ಚಿತ್ರವಿಚಿತ್ರ ಚಿಹ್ನೆಗಳು. ಅಕ್ಷರಶೈಲಿ ಎಂಬ ಮುಖವಾಡ ಕಳಚಿದರೆ ಅಲ್ಲಿ ಕನ್ನಡವೇ ಇಲ್ಲ. ಸರ್ಚ್ ಎಂಜಿನ್ ಮುಖವಾಡವನ್ನು ನೋಡುವುದಿಲ್ಲ, ಒಳಗಿನ ಸಂಕೇತಗಳನ್ನಷ್ಟೇ ಓದುತ್ತದೆ. ರೈತನೊಬ್ಬ 'ಕೊಳೆರೋಗ' ಎಂದು ಕೇಳಿದರೆ ಅದಕ್ಕೆ ನಮ್ಮ ಪುಟದಲ್ಲಿ ಅಂತಹ ಪದವೇ ಸಿಗುತ್ತಿರಲಿಲ್ಲ. 1910ರಲ್ಲಿ ಲೆಸ್ಲಿ ಕೋಲ್ಮನ್ ಮೈಸೂರು ಸಂಸ್ಥಾನದ ಕೃಷಿ ಇಲಾಖೆಗೆ ಬರೆದ ಇಂಗ್ಲಿಷ್ ಪ್ರಕಟಣೆಯ ಶೀರ್ಷಿಕೆಯಲ್ಲಿಯೇ 'ಕೊಳೆರೋಗ' ಎಂಬ ನಮ್ಮ ಪದವಿತ್ತು. ನೂರು ವರ್ಷಗಳ ನಂತರ ಕನ್ನಡದ ಪುಟದಲ್ಲಿ ಅದು ಕಾಣೆಯಾದದ್ದು ವಿಚಿತ್ರವೇ ಸರಿ.

ಯೂನಿಕೋಡ್‌ನಲ್ಲಿ ಕನ್ನಡಕ್ಕೆ ಸ್ಥಾನ ದೊರೆತದ್ದು 1991ರಲ್ಲಿ. ನಾವು ಹಳೆಯ ಕಡತಗಳನ್ನು ಅದಕ್ಕೆ ಪರಿವರ್ತಿಸಿದೆವು. ಅರ್ಕಾವತ್ತು, ಒತ್ತಕ್ಷರಗಳಲ್ಲಿ ನುಸುಳಿದ ದೋಷಗಳನ್ನು ಕೂತು ತಿದ್ದಿದೆವು. ಎಲ್ಲ ಪುಟಗಳಿಗೂ 'ಮುಖಪುಟ' ಎಂಬ ಒಂದೇ ಶೀರ್ಷಿಕೆಯಿತ್ತು. ಪ್ರತಿಯೊಂದಕ್ಕೂ ಅದರ ವಿಷಯವನ್ನೇ ಹೆಸರಾಗಿಟ್ಟೆವು. ಕರಾವಳಿಯವರು ಕೊಳೆರೋಗವನ್ನು 'ಮಹಾಳಿ' ಎನ್ನುತ್ತಾರೆ, ಕೆಲವರು 'ಅಡಕೆ' ಎಂದು ಬರೆಯುತ್ತಾರೆ. ಆ ಪದಗಳನ್ನೂ ವಾಕ್ಯಗಳೊಳಗೆ ಸಹಜವಾಗಿ ಸೇರಿಸಿದೆವು. ಕೃಷಿಕರ ಕೆಲವು ತಾಣಗಳು ತಾವಾಗಿಯೇ ನಮಗೆ ಕೊಂಡಿ ನೀಡಿದವು. ಮುಂದಿನ ಮಳೆಗಾಲಕ್ಕೆ ಲೇಖನ ಮೊದಲ ಪುಟದಲ್ಲಿಯೇ ಸಿಕ್ಕಿತು. ಇದಕ್ಕೆ ಖರ್ಚಾದದ್ದು ಶ್ರಮ ಮಾತ್ರ.

ನಮ್ಮಂತಹ ಹವ್ಯಾಸಿಗಳ ತಪ್ಪನ್ನು ಕ್ಷಮಿಸಬಹುದು. ಆದರೆ ಸರ್ಕಾರದ ಎಷ್ಟೋ ಆದೇಶಗಳು, ಸುತ್ತೋಲೆಗಳು ಇಂದಿಗೂ ಸ್ಕ್ಯಾನ್ ಮಾಡಿದ ಚಿತ್ರಗಳಾಗಿಯೇ ಜಾಲ ಸೇರುತ್ತಿವೆ. ಗಣಕದಲ್ಲಿ ಬೆರಳಚ್ಚು ಮಾಡಿ, ಮುದ್ರಿಸಿ, ಸಹಿ ಹಾಕಿ, ಮತ್ತೆ ಅದರ ಚಿತ್ರ ತೆಗೆಯುವ ಈ ವಿಧಿ ಯಾರ ಸೌಕರ್ಯಕ್ಕೋ ನನಗೆ ತಿಳಿಯದು. ಚಿತ್ರದಲ್ಲಿನ ಕನ್ನಡವನ್ನು ಓದುವ ತಂತ್ರಜ್ಞಾನ ಬಂದಿದೆ, ನಿಜ. ಅದು ಒತ್ತಕ್ಷರಗಳಲ್ಲಿ ಎಡವುತ್ತದೆ, ಪ್ರತಿ ಚಿತ್ರವನ್ನೂ ಸರ್ಚ್ ಎಂಜಿನ್ ಓದಿಯೇ ತೀರುತ್ತದೆಂಬ ಖಾತ್ರಿಯೂ ಇಲ್ಲ. 2024ರಿಂದ ಗೂಗಲ್ ಅನೇಕ ಪ್ರಶ್ನೆಗಳಿಗೆ ಪುಟಗಳ ಪಟ್ಟಿಯ ಮೇಲೆಯೇ ಸಿದ್ಧ ಉತ್ತರವೊಂದನ್ನು ಬರೆದುಕೊಡುತ್ತಿದೆ. ಓದಲು ಕನ್ನಡದ ಪಠ್ಯ ಸಿಗದಿದ್ದರೆ ಯಂತ್ರ ಬೇರೆ ಭಾಷೆಯ, ಬೇರೆ ನೆಲದ ಪುಟಗಳಿಂದ ಉತ್ತರ ಕಟ್ಟುತ್ತದೆ. ತೋಟದಲ್ಲಿ ನಿಂತ ರೈತನಿಗೆ ಆ ವ್ಯತ್ಯಾಸ ತಿಳಿಯುವುದು ಹೇಗೆ? ಸಹಿಯ ಪ್ರತಿ ಬೇಕಿದ್ದರೆ ಇರಲಿ. ಅದರ ಜೊತೆಗೆ ಯೂನಿಕೋಡ್ ಪಠ್ಯವನ್ನೂ ಪ್ರಕಟಿಸುವುದನ್ನು ಇಲಾಖೆಗಳಿಗೂ ಕೃಷಿ ವಿಶ್ವವಿದ್ಯಾಲಯಗಳಿಗೂ ಕಡ್ಡಾಯಗೊಳಿಸಬೇಕು.

ನಮ್ಮ ತಾಣದಲ್ಲಿಯೂ ಕೆಲವು ಲೇಖನಗಳು ಇನ್ನೂ ಚಿತ್ರಗಳಾಗಿಯೇ ಉಳಿದಿವೆ. ಮುಂದಿನ ಮಳೆಗಾಲದೊಳಗೆ ಕಾಳುಮೆಣಸಿನ ಸೊರಗು ರೋಗದ ಲೇಖನಗಳನ್ನಾದರೂ ಬೆರಳಚ್ಚು ಮಾಡಿ ಮುಗಿಸಬೇಕೆಂದಿದ್ದೇವೆ.