ಆಸ್ಪತ್ರೆಯಲ್ಲಿ ನಿಲ್ಲಬೇಕಾದವರು ಯಾರು?

ಅಡಿಕೆಗೆ ಮದ್ದು ಬಿಡುವ ದಿನ ತಪ್ಪಿದರೆ ಏನಾಗುತ್ತದೆಂದು ನಮ್ಮ ಬೆಳೆಗಾರ ಬಾಂಧವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮಳೆ ಹಿಡಿಯುವ ಮೊದಲು ಒಂದು ಸಲ ಬೋರ್ಡೋ ದ್ರಾವಣ ಬೀಳಬೇಕು, 40-45 ದಿನ ಕಳೆದು ಇನ್ನೊಂದು ಸಲ ಬೀಳಬೇಕು. ಮಳೆ ಬಿಡಲಿಲ್ಲ, ಮರ ಹತ್ತುವವನು ಸಿಗಲಿಲ್ಲ, ಮೈಲುತುತ್ತಿಗೆ ಹಣ ಕೂಡಿಬರಲಿಲ್ಲ ಎಂಬ ಯಾವ ಸಬೂಬನ್ನೂ ಕೊಳೆರೋಗ ಕೇಳುವುದಿಲ್ಲ. ಈ ಲೆಕ್ಕವನ್ನೆಲ್ಲ ಬೆರಳ ತುದಿಯಲ್ಲಿಟ್ಟುಕೊಂಡಿರುವ ಯಜಮಾನರಲ್ಲಿ ಅನೇಕರು, ಮನೆಯಾಕೆಗೆ ಕ್ಯಾನ್ಸರ್ ಎಂದು ಗೊತ್ತಾದ ಮೇಲೆ ಆಕೆಯ ಮದ್ದಿನ ದಿನಗಳ ಲೆಕ್ಕವನ್ನು ಮಾತ್ರ ಬೇರೆಯವರ ಕೈಗೆ ಒಪ್ಪಿಸಿಬಿಡುತ್ತಾರೆ. ಇದು ಸರಿಯಲ್ಲವೆಂದು ಹೇಳುವುದಕ್ಕಾಗಿಯೇ ಈ ನಾಲ್ಕು ಮಾತು ಬರೆಯುತ್ತಿದ್ದೇವೆ.

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯ ಮನೆಗಳಲ್ಲಿ ಕಂಡುಬರುವುದು ಬಹುಮಟ್ಟಿಗೆ ಒಂದೇ ಕ್ರಮ. ಗಂಡನಿಗೆ ಕಾಯಿಲೆಯಾದರೆ ಹೆಂಡತಿ ಹಟ್ಟಿಯ ದನಗಳನ್ನು ನೆರೆಕರೆಯವರಿಗೆ ಒಪ್ಪಿಸಿ, ಎರಡು ಸೀರೆ ಚೀಲಕ್ಕೆ ತುಂಬಿ, ಆಸ್ಪತ್ರೆಯ ಜಗಲಿಯಲ್ಲಿ ಚಾಪೆ ಹಾಸುತ್ತಾಳೆ. ಅವಳು ನಿಲ್ಲುತ್ತಾಳೋ ಇಲ್ಲವೋ ಎಂಬ ಪ್ರಶ್ನೆಯನ್ನೇ ಯಾರೂ ಎತ್ತುವುದಿಲ್ಲ. ಹೆಂಡತಿಗೆ ಕಾಯಿಲೆಯಾದರೆ ತವರಿನಿಂದ ತಂಗಿ ಬರುತ್ತಾಳೆ, ಇಲ್ಲವೆ ಮದುವೆಯಾಗಿ ಹೋದ ಮಗಳು ಗಂಡನ ಮನೆಯವರ ಒಪ್ಪಿಗೆ ಕೇಳಿ ಬರುತ್ತಾಳೆ. ಯಜಮಾನರು ಭರ್ತಿ ಮಾಡುವ ದಿನ ಇರುತ್ತಾರೆ, ಬಿಲ್ಲು ಕಟ್ಟುವ ದಿನ ಇರುತ್ತಾರೆ. ನಡುವಿನ ದಿನಗಳಲ್ಲಿ ಅವರಿಗೆ ತೋಟವಿದೆ.

ಇವರು ಕಟುಕರೆಂದು ನಾವು ಹೇಳುತ್ತಿಲ್ಲ. ಖರ್ಚಿಗೆ ಹಿಂದೆಮುಂದೆ ನೋಡುವವರೂ ಅಲ್ಲ. ಚಿನ್ನ ಅಡವಿಟ್ಟು, ಅಂಗಳದಲ್ಲಿ ಒಣಗುತ್ತಿದ್ದ ಅಡಿಕೆಯನ್ನು ದರ ಏರುವ ಮೊದಲೇ ಕೊಟ್ಟು ಹಣ ಹೊಂದಿಸಿದವರನ್ನು ಕಂಡಿದ್ದೇವೆ. ಆದರೆ ಹಣ ಹೊಂದಿಸಿದಲ್ಲಿಗೆ ತನ್ನ ಕೆಲಸ ಮುಗಿಯಿತೆಂಬ ಭಾವನೆ ಗಂಡಸರಲ್ಲಿ ಬೇರೂರಿದೆ. ಅದರ ಅಡಿಯಲ್ಲಿ ಇನ್ನೊಂದಿದೆ, ಅದು ಭಯ. ತೋಟದಲ್ಲಿ ಏನು ಮಾಡಬೇಕೆಂಬುದು ಗೊತ್ತಿದೆ, ಹಾಸಿಗೆಯ ಪಕ್ಕದ ಸ್ಟೂಲಿನ ಮೇಲೆ ಕುಳಿತು ಏನು ಮಾಡಬೇಕೆಂಬುದು ಗೊತ್ತಿಲ್ಲ. ಹೆಂಗಸರ ವಾರ್ಡಿನಲ್ಲಿ ರಾತ್ರಿ ಗಂಡಸರನ್ನು ಬಿಡುವುದಿಲ್ಲವೆಂಬ ಮಾತೂ ಬರುತ್ತದೆ. ಸಾಮಾನ್ಯ ವಾರ್ಡುಗಳ ಮಟ್ಟಿಗೆ ಅದು ನಿಜವಿರಬಹುದು. ಆದರೆ ಈಗ ಕಿಮೊಥೆರಪಿಯ ಬಹುಪಾಲು ಬೆಳಗ್ಗೆ ಹೋಗಿ ಸಂಜೆ ಮರಳುವ ಕ್ರಮದಲ್ಲಿ ನಡೆಯುತ್ತದೆ. ಅಲ್ಲಿ ಜೊತೆಗೆ ಕೂರಲು ಗಂಡನಿಗೆ ಯಾವ ಅಡ್ಡಿಯೂ ಇಲ್ಲ.

ಈ ಚಿಕಿತ್ಸೆಗೂ ನಮ್ಮ ತೋಟದ್ದರಂತೆಯೇ ಒಂದು ಪಂಚಾಂಗವಿದೆ. ಹಲವು ಬಗೆಯ ಕ್ಯಾನ್ಸರುಗಳಿಗೆ 21 ದಿನಗಳಿಗೊಮ್ಮೆ ಕಿಮೊ ಕೊಡುತ್ತಾರೆ. ಆರು ಸಲವೆಂದರೆ ನಾಲ್ಕು ತಿಂಗಳ ಮೇಲಾಯಿತು. ಪ್ರತಿ ಸಲಕ್ಕೂ ಮೊದಲು ರಕ್ತ ಪರೀಕ್ಷೆ. ಮದ್ದು ಹೋದ ಮೊದಲ ಮೂರು ನಾಲ್ಕು ದಿನ ವಾಕರಿಕೆ, ಸುಸ್ತು. ಅದು ಕಳೆದು ಎರಡನೆಯ ವಾರದಲ್ಲಿ ರಕ್ತದ ಬಿಳಿಕಣಗಳು ಇಳಿಯುತ್ತವೆ. ಆಗ ನೋಡಲು ಅವಳು ಸ್ವಲ್ಪ ಚೇತರಿಸಿಕೊಂಡಂತೆ ಕಾಣುತ್ತಾಳೆ. ಎದ್ದು ಹಟ್ಟಿಗೆ ಹೋಗಲೂ ಹೊರಡುತ್ತಾಳೆ. ಆದರೆ ಸೋಂಕಿಗೆ ಹೆಚ್ಚು ಹೆದರಬೇಕಾದ ದಿನಗಳು ಅವೇ. ಮನೆಯಲ್ಲೊಂದು ಥರ್ಮಾಮೀಟರ್ ಇರಲೇಬೇಕು. 100.4 ಡಿಗ್ರಿ ದಾಟಿತೆಂದರೆ ಪಾರಾಸಿಟಮಾಲ್ ನುಂಗಿಸಿ ಬೆಳಗಾಗಲೆಂದು ಕಾಯುವಂತಿಲ್ಲ, ಆ ಹೊತ್ತಿಗೇ ಆಸ್ಪತ್ರೆಗೆ ಹೋಗಬೇಕು. ಆಟಿ ತಿಂಗಳ ರಾತ್ರಿಯಲ್ಲಿ ತೋಡು ತುಂಬಿ ಹರಿಯುವ ಮನೆಗಳವರು ಬಾಡಿಗೆ ಜೀಪಿನವನ ನಂಬರನ್ನು ಗೋಡೆಯ ಮೇಲೆ ಬರೆದಿಟ್ಟುಕೊಳ್ಳುವುದು ಒಳ್ಳೆಯದು. ಇದನ್ನು ತಿಳಿದಿರಬೇಕಾದವರು ರಾತ್ರಿ ಅದೇ ಮನೆಯಲ್ಲಿ ಮಲಗುವವರು. ಪೇಟೆಗೆ ಮರಳಿದ ಮಗಳಿಗೆ ಗೊತ್ತಿದ್ದು ಫಲವೇನು?

ಇನ್ನು ಕಿರಣ ಚಿಕಿತ್ಸೆ. ವಾರಕ್ಕೆ ಐದು ದಿನದಂತೆ, ರೋಗವನ್ನು ನೋಡಿಕೊಂಡು ಮೂರು ವಾರದಿಂದ ಏಳು ವಾರದವರೆಗೂ ನಡೆಯುತ್ತದೆ. ಯಂತ್ರದ ಕೆಳಗೆ ಮಲಗುವುದು ಕೆಲವೇ ನಿಮಿಷ, ದಾರಿಯೇ ದಿನವನ್ನು ತಿನ್ನುವುದು. ಬೆಳ್ತಂಗಡಿಯಿಂದ ಮಂಗಳೂರಿಗೆ ಸುಮಾರು 60 ಕಿಲೋಮೀಟರ್. ಆರು ವಾರ ದಿನವೂ ಹೋಗಿಬಂದರೆ 3,600 ಕಿಲೋಮೀಟರ್ ಆಗುತ್ತದೆ. ಗಂಟಲು ಸುಟ್ಟಂತಾಗಿ ನೀರೂ ಇಳಿಯದ ರೋಗಿಯನ್ನು ಬಸ್ಸಿನಲ್ಲಿ ಈ ದೂರ ಓಡಾಡಿಸುವುದಕ್ಕಿಂತ ಮಂಗಳೂರಿನಲ್ಲೋ ದೇರಳಕಟ್ಟೆಯಲ್ಲೋ ಒಂದು ಕೋಣೆ ಹಿಡಿದು ಗಂಡ ಹೆಂಡಿರಿಬ್ಬರೂ ಇದ್ದುಬಿಡುವುದು ಲೇಸೆಂದು ನಮ್ಮ ಅಭಿಪ್ರಾಯ. ಮೂಡುಬಿದಿರೆಯವರಿಗೆ ಮಣಿಪಾಲವೂ ಒಂದು ದಾರಿ. ಕೊಟ್ಟಿಗೆಹಾರ, ಮೂಡಿಗೆರೆ ಕಡೆಯ ಕಾಫಿ ಬೆಳೆಗಾರರು ಚಾರ್ಮಾಡಿ ಇಳಿದು ಬರುವವರು. 2019ರ ಆಗಸ್ಟಿನಲ್ಲಿ ಗುಡ್ಡ ಜರಿದು ಆ ದಾರಿ ಕಟ್ಟಿಹೋದದ್ದನ್ನು ಅವರು ಮರೆತಿರಲಾರರು. ಮಳೆಗಾಲದಲ್ಲಿ ಕಿರಣ ಚಿಕಿತ್ಸೆ ಶುರುವಾಗುವುದಾದರೆ ಘಾಟಿಯ ಕೆಳಗೇ ಉಳಿಯುವುದು ಕ್ಷೇಮ.

ಬೆಂಗಳೂರಿನ ಕಿದ್ವಾಯಿ ಸಂಸ್ಥೆಗೆ ಹೋಗುವವರೂ ನಮ್ಮಲ್ಲಿದ್ದಾರೆ. ನಮ್ಮ ಕ್ಯಾಂಪ್ಕೋ ಹುಟ್ಟಿದ 1973ರಲ್ಲೇ ಹುಟ್ಟಿದ ಸಂಸ್ಥೆ ಅದು. ಕ್ಯಾನ್ಸರ್ ರೋಗಿಗೂ ಜೊತೆಗೆ ಹೋಗುವ ಒಬ್ಬರಿಗೂ ರೈಲಿನಲ್ಲಿ ರಿಯಾಯಿತಿ ಉಂಟು, ಆಸ್ಪತ್ರೆಯ ಪ್ರಮಾಣಪತ್ರ ಬೇಕು. ಆ ‘ಜೊತೆಗೆ ಹೋಗುವ ಒಬ್ಬರು’ ಪ್ರತಿ ಸಲವೂ ಬೇರೆ ಬೇರೆಯವರಾದರೆ, ಹೋದ ಸಲ ವೈದ್ಯರು ಏನು ಹೇಳಿದ್ದರು, ಯಾವ ಮಾತ್ರೆ ಬದಲಾಯಿಸಿದರು ಎಂಬುದು ಯಾರಿಗೂ ಪೂರ್ತಿ ಗೊತ್ತಿರುವುದಿಲ್ಲ. ಫೈಲು ಒಂದು ಕೈಯಲ್ಲಿರಬೇಕು. ಲಾರಿಗೆ ಹೇರಿದ ಅಡಿಕೆಯ ತೂಕದ ಚೀಟಿಯನ್ನು ನಾವು ಕಂಡಕಂಡವರ ಕೈಗೆ ಕೊಡುತ್ತೇವೆಯೆ?

ಮನೆಯೊಳಗಿನ ಮಾತು. ಅಡುಗೆಮನೆಗೆ ಇಳಿಯುವುದೆಂದರೆ ಹಬ್ಬದಡುಗೆ ಮಾಡುವುದೆಂದಲ್ಲ. ಬಾಯಿ ಹುಣ್ಣಾದವರಿಗೆ ಖಾರ ಹುಳಿ ಇಲ್ಲದ ಮೆತ್ತಗಿನ ಕುಚ್ಚಲಕ್ಕಿ ಗಂಜಿ, ಬೆಂದ ತೊವ್ವೆ, ತಿನ್ನುವವರಾದರೆ ಚೆನ್ನಾಗಿ ಬೇಯಿಸಿದ ಮೊಟ್ಟೆ, ಕುದಿಸಿ ಆರಿಸಿದ ನೀರು, ಇವುಗಳನ್ನು ಒಂದೇ ಸಲ ಬಟ್ಟಲು ತುಂಬ ಕೊಡದೆ ಎರಡು ಗಂಟೆಗೊಮ್ಮೆ ಸ್ವಲ್ಪ ಸ್ವಲ್ಪ ಕೊಡಬೇಕು. ಗಂಜಿ ಬೇಯಿಸಲು ಬಾರದ ಗಂಡಸು ಈ ಜಿಲ್ಲೆಯಲ್ಲಿದ್ದರೆ ಎರಡು ದಿನದಲ್ಲಿ ಕಲಿಯಬಹುದು. ಕಸಿ ಕಟ್ಟುವುದಕ್ಕಿಂತ ಕಷ್ಟವಿಲ್ಲ. ಸ್ತನದ ಶಸ್ತ್ರಚಿಕಿತ್ಸೆಯಲ್ಲಿ ಕಂಕುಳಿನ ಗ್ರಂಥಿಗಳನ್ನೂ ತೆಗೆದಿದ್ದರೆ ಆ ಬದಿಯ ಕೈ ಬಾತುಕೊಳ್ಳುವ ಸಂಭವ ಮುಂದೆಯೂ ಇರುತ್ತದೆ. ಸಣ್ಣ ಗಾಯದಿಂದಲೂ ಸೋಂಕಾಗಬಹುದು. ಆದುದರಿಂದ ಅಡಿಕೆ ಸುಲಿಯುವ ಕತ್ತಿಯ ಮುಂದೆ ಆಕೆಯನ್ನು ಕೂರಿಸುವ ಮೊದಲು, ಹುಲ್ಲಿನ ಹೊರೆ ಹೊರಿಸುವ ಮೊದಲು ವೈದ್ಯರ ಮಾತು ಕೇಳಿರಿ. ‘ಅವಳೇ ಕುಳಿತಳು, ನಾವು ಹೇಳಲಿಲ್ಲ’ ಎಂದರೆ ಸಾಲದು. ಅಂಗಳದಲ್ಲಿ ಅಡಿಕೆ ರಾಶಿ ಬಿದ್ದಿರುವಾಗ ಸುಮ್ಮನೆ ಕುಳಿತು ಅಭ್ಯಾಸವಿಲ್ಲದವಳು ಅವಳು. ರಾಶಿಯನ್ನು ಕಣ್ಣೆದುರಿನಿಂದ ತೆಗೆಯಬೇಕಾದವರು ಯಜಮಾನರು.

ರೋಗದ ಹೆಸರನ್ನು ಅವಳಿಂದಲೇ ಮುಚ್ಚಿಡುವ ಪದ್ಧತಿಯೊಂದಿದೆ. ಗಂಡ, ಮಗ, ಮೈದುನ ಆಸ್ಪತ್ರೆಯ ಮೆಟ್ಟಿಲ ಬಳಿ ಪಿಸುಗುಟ್ಟುತ್ತಾರೆ, ಅವಳಿಗೆ ‘ಗಡ್ಡೆ, ತೆಗೆದರೆ ಆಯಿತು’ ಎನ್ನುತ್ತಾರೆ. ಕೂದಲು ಉದುರುವಾಗ ಅವಳಿಗೆ ತಿಳಿಯದೆ ಇರುತ್ತದೆಯೆ? ತಿಳಿದೂ ತಿಳಿಯದವಳಂತೆ ನಟಿಸುವ ಹೊರೆ ಅವಳ ಮೇಲೆ ಬೀಳುತ್ತದೆ. ನೆರೆಕರೆಯವರಿಂದ ಮುಚ್ಚಿಡುವುದಕ್ಕೆ ಕಾರಣ ಬೇರೆ, ಮಗಳ ಮದುವೆಯ ಮಾತುಕತೆ. ಈ ರೋಗ ಮುಟ್ಟಿದರೆ ಹರಡುವುದಿಲ್ಲ. ಬಟ್ಟಲು ಬೇರೆ, ಚಾಪೆ ಬೇರೆ ಮಾಡಬೇಕಾದ್ದಿಲ್ಲ. ಗುಟ್ಟು ಮಾಡಿದ ಮನೆಗೆ ಸಹಾಯವೂ ಬರುವುದಿಲ್ಲ. ಬಂದವರೋ ಒಬ್ಬೊಬ್ಬರು ಒಂದೊಂದು ಮದ್ದು ಹೇಳುತ್ತಾರೆಂಬುದೂ ಸುಳ್ಳಲ್ಲ. ಲಕ್ಷ್ಮಣಫಲದ ಎಲೆಯ ಕಷಾಯಕ್ಕೆ ಎಷ್ಟು ಗಿಡಗಳು ಬೋಳಾಗಿವೆಯೆಂದು ನಮ್ಮ ನರ್ಸರಿಯವರನ್ನು ಕೇಳಬೇಕು. ಅಂಥದ್ದನ್ನು ಕೊಡುವುದಿದ್ದರೆ ವೈದ್ಯರಿಗೆ ತಿಳಿಸಿಯೇ ಕೊಡಬೇಕು. ಅದನ್ನು ನಂಬಿ ಮೂರನೆಯ ಕಿಮೊ ಬಿಟ್ಟವರ ಸ್ಥಿತಿ ಎರಡನೆಯ ಮದ್ದು ಬಿಡದ ತೋಟದ್ದೇ.

ಗಂಡನೇ ರೋಗಿಯಾದ ಮನೆಗಳ ಬಗೆಗೂ ಒಂದು ಮಾತು ಹೇಳಬೇಕು, ಅದು ನಮ್ಮ ಬೆಳೆಗೆ ಸಂಬಂಧಿಸಿದ್ದು. ಬಾಯಿಯ ಕ್ಯಾನ್ಸರಿಗೆ ಶಸ್ತ್ರಚಿಕಿತ್ಸೆಯಾದವನಿಗೆ ಹಲವು ದಿನ ಮೂಗಿನಿಂದ ಇಳಿಸಿದ ನಳಿಕೆಯ ಮೂಲಕವೇ ಆಹಾರ. ಸೋಸಿದ ಗಂಜಿಯನ್ನು ಸಿರಿಂಜಿನಲ್ಲಿ ಎಳೆದು ಹೊತ್ತುಹೊತ್ತಿಗೆ ಕೊಡುವವಳು ಹೆಂಡತಿ. ಅವನಿಗೆ ಮಾತು ಹೊರಡದಿದ್ದರೆ ಮಗುವಿನ ಸ್ಲೇಟೇ ಗತಿ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ ತಜ್ಞರು 2003ರಲ್ಲಿ ಸಭೆ ಸೇರಿ, ಹೊಗೆಸೊಪ್ಪು ಸೇರಿಸದ ಎಲೆಯಡಿಕೆಯೂ ಅಡಿಕೆಯೂ ಮನುಷ್ಯನಿಗೆ ಕ್ಯಾನ್ಸರ್‌ಕಾರಕವೆಂದು ತೀರ್ಮಾನಿಸಿದರು. 2004ರಲ್ಲಿ ಅದು ಗ್ರಂಥವಾಗಿ ಬಂತು. ಈ ತೀರ್ಮಾನದ ಮೇಲೆ ಬೆಳೆಗಾರರ ಸಂಘಟನೆಗಳು ಎತ್ತಿರುವ ತಕರಾರುಗಳು ಓದುಗರಿಗೆ ಹೊಸದಲ್ಲ, ಆ ವಾದ ನಡೆಯಬೇಕಾದ ವೇದಿಕೆಗಳಲ್ಲಿ ನಡೆಯಲಿ. ಆದರೆ ರೋಗಿಯಿರುವ ಮನೆಯ ಜಗಲಿ ಆ ವೇದಿಕೆಯಲ್ಲ. ಗಂಡನ ಕಣ್ಣಿಗೆ ಬೀಳದಂತೆ ಹೆಂಡತಿ ಎಲೆಯಡಿಕೆಯ ಹರಿವಾಣವನ್ನು ಅಟ್ಟಕ್ಕೇರಿಸಿದರೆ, ನೋಡಲು ಹೋದ ನಾವು ‘ನಮ್ಮ ಅಜ್ಜ ತೊಂಬತ್ತು ವರ್ಷ ತಿಂದಿದ್ದರು’ ಎಂದು ಅವಳಿಗೆ ಉಪದೇಶಿಸಬಾರದು. ನಮ್ಮ ಕಿಸೆಯಲ್ಲಿರುವುದನ್ನೂ ಗೇಟಿನ ಹೊರಗೇ ಬಿಟ್ಟು ಹೋಗಬೇಕು. ಕ್ಯಾನ್ಸರ್ ಬಂದ ಮೇಲೂ ಜಗಿಯುವುದು ಬಿಡದವನಿಗೆ ಮತ್ತೆ ಬರುವ ಅಪಾಯ ಹೆಚ್ಚು.

ಖರ್ಚಿನ ವಿಷಯ ಚುಟುಕಾಗಿ. 2018ರಿಂದ ಇರುವ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿ.ಪಿ.ಎಲ್. ಕಾರ್ಡಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಸಿಗುತ್ತದೆ. ಎ.ಪಿ.ಎಲ್. ಕಾರ್ಡಿನವರಿಗೆ, ಅಂದರೆ ನಮ್ಮಲ್ಲಿ ಅನೇಕರಿಗೆ, ನಿಗದಿತ ದರದ ಶೇಕಡಾ 30 ಮಾತ್ರ, ಅದೂ 1.5 ಲಕ್ಷದ ಮಿತಿಯೊಳಗೆ. ಸಹಕಾರಿಗಳಿಗಾಗಿ 2003ರಲ್ಲಿ ಆರಂಭವಾದ ಯಶಸ್ವಿನಿ 2018ರಲ್ಲಿ ಇದರೊಳಗೆ ಲೀನವಾಗಿ, 2022-23ರಲ್ಲಿ ಮರಳಿ ಪ್ರತ್ಯೇಕವಾಯಿತು. ಅದನ್ನು ವರ್ಷವರ್ಷವೂ ನವೀಕರಿಸಬೇಕು. ಕಾಯಿಲೆ ಗೊತ್ತಾದ ಮೇಲೆ ಸಂಘದ ಬಾಗಿಲಿಗೆ ಓಡಿ ಬಂದರೆ ಗಡುವು ಮುಗಿದಿರಬಹುದು. ಯಾವ ಚಿಕಿತ್ಸೆ ಯಾವ ಆಸ್ಪತ್ರೆಯಲ್ಲಿ ಸೇರಿದೆಯೆಂದು ಭರ್ತಿಗೆ ಮೊದಲೇ ಕೇಳಿಕೊಳ್ಳಿರಿ. ಶೂನ್ಯ ಬಡ್ಡಿಯ ಬೆಳೆಸಾಲವೂ ಗಡುವು ದಾಟಿದರೆ ಶೂನ್ಯ ಬಡ್ಡಿಯದಾಗಿ ಉಳಿಯುವುದಿಲ್ಲ. ಆಸ್ಪತ್ರೆಯ ಓಡಾಟದಲ್ಲಿ ಮೊದಲು ಮರೆತುಹೋಗುವುದು ಆ ದಿನಾಂಕವೇ.

ಹಾಗಾದರೆ ತೋಟವನ್ನು ಯಾರು ನೋಡಿಕೊಳ್ಳಬೇಕು? ಎರಡೆಕರೆಯ ಬೆಳೆಗಾರನಿಗೆ ಇದು ನ್ಯಾಯವಾದ ಪ್ರಶ್ನೆ. ಮಕ್ಕಳು ಬೆಂಗಳೂರಿನಲ್ಲಿದ್ದಾರೆ, ಆಳುಗಳು ಸಿಗುವುದಿಲ್ಲ. ತೋಟ ಬಿಟ್ಟರೆ ಚಿಕಿತ್ಸೆಗೆ ಹಣ ಬರುವುದೆಲ್ಲಿಂದ? ಈ ಪ್ರಶ್ನೆಗೆ ಉತ್ತರವನ್ನು ಗಂಡ ಹೆಂಡಿರಿಬ್ಬರ ತಲೆಯ ಮೇಲೆಯೇ ಹೊರಿಸುವುದು ಸಹಕಾರದ ಹೆಸರು ಹೇಳುವ ನಮಗೆ ಶೋಭಿಸದು. ಮುಯ್ಯಾಳಿನ ಪದ್ಧತಿ ನಮ್ಮ ಹಿರಿಯರಿಗೆ ಹೊಸದಾಗಿರಲಿಲ್ಲ. ಪ್ರತಿಯೊಂದು ಸಂಘದಲ್ಲೂ ಒಂದು ಪುಸ್ತಕ ತೆರೆಯಬೇಕೆಂದು ಸೂಚಿಸುತ್ತೇವೆ. ಚಿಕಿತ್ಸೆಯಲ್ಲಿರುವ ಸದಸ್ಯನ ಮನೆಯವರು ಒಪ್ಪಿದರೆ ಆಸ್ಪತ್ರೆಯ ದಿನಾಂಕಗಳನ್ನು ಅದರಲ್ಲಿ ಬರೆಯಬೇಕು, ಆ ದಿನ ನೀರು ಬಿಡುವವರು ಯಾರು, ಹಾಲು ಕರೆದು ಡಿಪೋಗೆ ಕೊಡುವವರು ಯಾರು, ಮಳೆ ಬಂದರೆ ಅಂಗಳದ ಅಡಿಕೆಗೆ ಟಾರ್ಪಾಲು ಎಳೆಯುವವರು ಯಾರು ಎಂಬುದನ್ನು ಅದರ ಎದುರಿಗೆ ಬರೆಯಬೇಕು. ಮದ್ದು ಬಿಡುವ ಹೊತ್ತಿಗೆ ಮರ ಹತ್ತುವ ಕುಶಲ ಕೆಲಸಗಾರರು ಮೊದಲ ದಿನ ಹೋಗಬೇಕಾದುದು ಆ ಮನೆಗೆ. ದೊಡ್ಡ ತೋಟದವರು ಎರಡು ದಿನ ಕಾಯಬಹುದು. ಸಾಲದ ಗಡುವು ಹದಿನೈದು ದಿನ ಇರುವಾಗಲೇ ಕಾರ್ಯದರ್ಶಿಗಳು ಒಂದು ಫೋನು ಮಾಡಲಿ.

ಸೆಪ್ಟೆಂಬರಿನ ಮಹಾಸಭೆಯಲ್ಲಿ ಡಿವಿಡೆಂಡಿನ ಚರ್ಚೆಗೆ ಮೊದಲು ಈ ವಿಷಯಕ್ಕೆ ಅರ್ಧ ಗಂಟೆ ಸಿಗಬೇಕು. ಸಭೆಗೆ ಹೆಂಗಸರೂ ಬರಲಿ. ಪುಸ್ತಕದಲ್ಲಿ ಏನೇನು ಬರೆಯಬೇಕೆಂದು ಹೇಳಬಲ್ಲವರು ಅವರು.