ಕೋಷ್ಟಕದ ನಕ್ಷತ್ರ

ಕಲಬುರಗಿ ಜಿಲ್ಲೆಯ ತಾಲ್ಲೂಕುಗಳ ಸಾಕ್ಷರತೆಯನ್ನೂ ತಲಾ ವರಮಾನವನ್ನೂ ಅಕ್ಕಪಕ್ಕದಲ್ಲಿರಿಸಿ, ಅವೆರಡರ ಸಹಸಂಬಂಧವನ್ನು ಗಣಿಸಿ, ಅದು ಆಕಸ್ಮಿಕವಲ್ಲವೆಂದು ಸಾರುವ ನಕ್ಷತ್ರವೊಂದನ್ನು ಆ ಸಂಖ್ಯೆಗಂಟಿಸಿ, ಇಲ್ಲಿಯ ದಾರಿದ್ರ್ಯಕ್ಕೆ ಅಕ್ಷರಹೀನತೆಯೇ ಕಾರಣವೆಂದು ತೀರ್ಪಿತ್ತಿರುವ ಲೇಖಕ ಮಹಾಶಯರ ಶ್ರಮವನ್ನು ಅಲ್ಲಗಳೆಯೆನಾದರೂ, ಅವರ ನಿರ್ಣಯವನ್ನು ಒಪ್ಪಲಾರೆ.

2009ರ ಅಂತ್ಯದಲ್ಲಿ ಯಾದಗಿರಿ ಬೇರ್ಪಟ್ಟಾಗ ಈ ಜಿಲ್ಲೆಗೆ ಉಳಿದವು ಏಳೇ ತಾಲ್ಲೂಕುಗಳು. ಏಳು ಜೋಡಿ ಅಂಕಿಗಳಿಂದ ಪಿಯರ್ಸನ್ನನ ಗುಣಾಂಕ 0.7 ಬಂದರೂ ಅದು ಶೇಕಡಾ 5ರ ಮಟ್ಟದ ಪರೀಕ್ಷೆಯಲ್ಲಿ ತೇರ್ಗಡೆಯಾಗದು, ಅಲ್ಲಿ ಬೇಕಾದುದು 0.754. ಜೋಡಿಗಳೆಷ್ಟೆಂಬುದನ್ನೇ ನಮೂದಿಸದ ಕೋಷ್ಟಕದಲ್ಲಿ ನಕ್ಷತ್ರಕ್ಕೆ ಬೆಲೆಯೆಲ್ಲಿ? (ಕರ್ಣದುದ್ದಕ್ಕೂ 1 ಎಂದು ಬರೆದು, ಅವೇ ಅಂಕಿಗಳನ್ನು ಮೇಲೊಮ್ಮೆ ಕೆಳಗೊಮ್ಮೆ ಅಚ್ಚೊತ್ತಿಸುವುದಕ್ಕೆ ಮಾತ್ರ ಸ್ಥಳಾಭಾವವಾಗಲಿಲ್ಲ!)

ಇದಕ್ಕೂ ಹಿರಿದಾದ ದೋಷವೊಂದುಂಟು. ಕಮಲಾಪುರ ಪ್ರತ್ಯೇಕ ತಾಲ್ಲೂಕಾಗುವ ಮುನ್ನಿನ ಲೆಕ್ಕದಲ್ಲಿ, ಕಲಬುರಗಿ ನಗರದ ಜಗತ್ ಸರ್ಕಲಿನ ಅಂಗಡಿಕಾರನನ್ನೂ ಕಮಲಾಪುರದ ಕೆಂಪು ಬಾಳೆಯ ತೋಟದ ಕೂಲಿಯವನನ್ನೂ ಒಂದೇ ಸರಾಸರಿಯೊಳಗೆ ಕರಗಿಸಿದ ಮೇಲೆ, ಅದು ಇಬ್ಬರಲ್ಲಿ ಯಾರ ಬಾಳನ್ನೂ ಹೇಳದು. ಅಮೆರಿಕದ ರಾಬಿನ್ಸನ್ 1950ರಲ್ಲಿ ತೋರಿಸಿದುದೂ ಇದನ್ನೇ: 1930ರ ಜನಗಣತಿಯಲ್ಲಿ ವಿದೇಶಜನನಕ್ಕೂ ಅನಕ್ಷರತೆಗೂ ವ್ಯಕ್ತಿಗಳ ಮಟ್ಟದಲ್ಲಿದ್ದ 0.118ರ ಧನಸಂಬಂಧ, ರಾಜ್ಯಗಳ ಲೆಕ್ಕಕ್ಕೆ ಬಂದೊಡನೆ 0.526ರ ಋಣಸಂಬಂಧವಾಗಿ ಮಗುಚಿಕೊಂಡಿತ್ತು. ವಲಸಿಗರು ನೆಲೆಸಿದುದು ಓದುಬಲ್ಲವರೇ ಹೆಚ್ಚಾಗಿದ್ದ ರಾಜ್ಯಗಳಲ್ಲಿ.

ನಂಜುಂಡಪ್ಪ ಸಮಿತಿಯಾದರೋ 2002ರಲ್ಲಿ ತಾಲ್ಲೂಕುಗಳ ಹಿಂದುಳಿದಿರುವಿಕೆಯನ್ನು ಅಳೆಯಲು 35 ಸೂಚಕಗಳನ್ನು ಬಳಸಿತು. ನಮ್ಮ ಲೇಖಕರಿಗೆ ಎರಡೇ ಸಾಕಾದವು. ಅಕ್ಷರದಿಂದ ಹಣವೋ, ಹಣದಿಂದ ಅಕ್ಷರವೋ, ನೀರಾವರಿ ಮತ್ತು ರಸ್ತೆಗಳಿಂದ ಎರಡೂವೋ ಎಂಬುದನ್ನು ಅವರ ಕೋಷ್ಟಕ ಹೇಳಲರಿಯದು. ಜೋಡಿಗಳ ಸಂಖ್ಯೆ, ಅಂಕಿಗಳ ವರ್ಷ, ಚುಕ್ಕಿಗಳ ಚಿತ್ರ, ಈ ಮೂರನ್ನು ಅವರು ಪ್ರಕಟಿಸಲಿ. ಚರ್ಚೆಯನ್ನು ಅನಂತರ ಮುಂದುವರಿಸೋಣ.