ಎರಡು ದಿನ, ಒಂದೇ ಊರು

ಅರ್ಧವಾರ್ಷಿಕ ಪರೀಕ್ಷೆ ಮುಗಿಯುತ್ತಿದ್ದಂತೆ ರಾಯಬಾಗ, ಕುಡಚಿ, ಹಾರೂಗೇರಿ ಕಡೆಯ ಮನೆಗಳಲ್ಲಿ ಪ್ರವಾಸದ ಮಾತು ಶುರುವಾಗುತ್ತದೆ. ಪಟ್ಟಿ ನೋಡಿದರೆ ಎದೆ ಝಲ್ಲೆನ್ನುತ್ತದೆ. ಮೂರು ದಿನದಲ್ಲಿ ಒಂಬತ್ತು ಊರು! ರಾತ್ರಿಯಿಡೀ ಬಸ್ಸು, ಬೆಳಿಗ್ಗೆ ಗುಡಿ, ಮಧ್ಯಾಹ್ನ ಜಲಪಾತ, ಕತ್ತಲಾಗುವ ಹೊತ್ತಿಗೆ ಸಮುದ್ರ. ಮರಳಿ ಬಂದ ಹುಡುಗನನ್ನು ‘ಸಮುದ್ರ ಹೆಂಗಿತ್ತೋ ತಮ್ಮಾ?’ ಎಂದು ಅಜ್ಜಿ ಕೇಳಿದರೆ ‘ಭಾಳ ದೊಡ್ಡದಿತ್ತು’ ಎಂಬುದಕ್ಕಿಂತ ಹೆಚ್ಚಿನ ಉತ್ತರ ಅವನಲ್ಲಿ ಇರುವುದಿಲ್ಲ. ತಪ್ಪು ಅವನದಲ್ಲ. ಅವನು ನೋಡಿದ್ದು ಬಸ್ಸಿನ ಕಿಟಕಿಯನ್ನು.

ಈ ಸಲ ಬೇರೆ ರೀತಿ ಯೋಚಿಸೋಣ. ಕೈಯಲ್ಲಿ ಎರಡೇ ದಿನ ಇದ್ದರೆ ಒಂದೇ ಊರು ಸಾಕು. ಆ ಊರು ಕಾರವಾರ ಆಗಲಿ. ಇನ್ನೊಂದು ಮಾತು: ಯೋಜನೆ ಹಾಕುವ ಕೆಲಸವನ್ನು ಮಕ್ಕಳಿಗೇ ಬಿಡಿ. ನಕಾಶೆ ಒಬ್ಬರಿಗೆ, ವೇಳಾಪಟ್ಟಿ ಇನ್ನೊಬ್ಬರಿಗೆ, ಖರ್ಚಿನ ಲೆಕ್ಕ ಮತ್ತೊಬ್ಬರಿಗೆ. ಅರ್ಧ ಪಾಠ ಮನೆಯಲ್ಲಿಯೇ ಮುಗಿಯುತ್ತದೆ.

ಕಾರವಾರವೇ ಯಾಕೆ? ನಕಾಶೆ ಹಿಡಿದ ಮಗುವಿಗೆ ಒಂದು ಪ್ರಶ್ನೆ ಕೇಳಿ: ‘ಕುಡಚಿಯ ಹತ್ತಿರ ಹರಿಯುವ ನಮ್ಮ ಕೃಷ್ಣೆ ಯಾವ ಸಮುದ್ರ ಸೇರುತ್ತಾಳೆ?’ ಕೃಷ್ಣೆ ಹುಟ್ಟುವ ಮಹಾಬಳೇಶ್ವರದಿಂದ ಅರಬ್ಬೀ ಸಮುದ್ರ ಸುಮಾರು 65 ಕಿ.ಮೀ. ಮಾತ್ರ. ಆದರೂ ಆಕೆ ಅದಕ್ಕೆ ಬೆನ್ನು ಮಾಡಿ, ಸುಮಾರು 1,400 ಕಿ.ಮೀ. ಪೂರ್ವಕ್ಕೆ ನಡೆದು ಬಂಗಾಳ ಕೊಲ್ಲಿ ಸೇರುತ್ತಾಳೆ. ಕಾರವಾರದ ಕಾಳಿ ನದಿಯದು ಇದಕ್ಕೆ ವಿರುದ್ಧವಾದ ಕಥೆ. ಜೋಯಿಡಾ ತಾಲೂಕಿನ ಡಿಗ್ಗಿಯ ಬಳಿ ಹುಟ್ಟಿ, ಸೂಪಾ, ಕದ್ರಾ ಅಣೆಕಟ್ಟುಗಳನ್ನು ದಾಟಿ, 184 ಕಿ.ಮೀ. ಓಡಿ ಪಶ್ಚಿಮದ ಕಡಲಿಗೆ ಬೀಳುತ್ತದೆ. ನಡುವೆ ನಿಂತಿರುವುದು ಸಹ್ಯಾದ್ರಿ. ಪುಸ್ತಕದಲ್ಲಿ ‘ಜಲವಿಭಾಜಕ’ ಎಂದು ಬಾಯಿಪಾಠ ಮಾಡಿದ ಶಬ್ದ ಈ ದಾರಿಯಲ್ಲಿ ಕಣ್ಣಿಗೆ ಕಾಣುತ್ತದೆ.

ರೈಲಿನಲ್ಲಿ ಹೋದರಂತೂ ಚೆನ್ನಾಗಿಯೇ ಕಾಣುತ್ತದೆ. ರಾಯಬಾಗ ನಿಲ್ದಾಣ ಮೀರಜ–ಲೋಂಡಾ ಮಾರ್ಗದ ಮೇಲೇ ಇದೆ. ಬೆಳಗಾವಿ ಇಲ್ಲವೇ ಲೋಂಡಾದಲ್ಲಿ ಗಾಡಿ ಬದಲಿಸಿ ಮಡಗಾಂವಕ್ಕೆ ಹೋಗಬಹುದು. ಕ್ಯಾಸಲ್‌ರಾಕ್ ದಾಟಿದ ಮೇಲೆ ಕುಳೆಂವರೆಗಿನ ಸುಮಾರು 26 ಕಿ.ಮೀ. ಘಟ್ಟದಲ್ಲಿ ಗಾಡಿ 37 ಮೀಟರಿಗೆ ಒಂದು ಮೀಟರಿನಂತೆ ಇಳಿಯುತ್ತದೆ. ದಾರಿಯಲ್ಲೇ ದೂಧಸಾಗರ. ಮಡಗಾಂವದಿಂದ ಕಾರವಾರಕ್ಕೆ ಕೊಂಕಣ ರೈಲು. 1998ರ ಜನವರಿಯಲ್ಲಿ ಪೂರ್ತಿಯಾಗಿ ತೆರೆದ ಮಾರ್ಗವದು. ಕಾರವಾರ ನಿಲ್ದಾಣ ಇರುವುದು ಶಿರವಾಡದಲ್ಲಿ. ಅಲ್ಲಿಂದ ಪೇಟೆಗೆ ಬಸ್ಸು, ಆಟೋ ಹಿಡಿಯಬೇಕು. ಆ ಹೊತ್ತನ್ನೂ ವೇಳಾಪಟ್ಟಿಯಲ್ಲಿ ಬರೆದುಕೊಳ್ಳಲಿ.

ಬಸ್ಸೇ ಬೇಕೆನ್ನುವವರಿಗೆ ಬೆಳಗಾವಿಯಿಂದ ಸರಕಾರಿ ಬಸ್ಸುಗಳಿವೆ. 2023ರ ಜೂನ್‌ನಲ್ಲಿ ಬಂದ ಶಕ್ತಿ ಯೋಜನೆಯಿಂದ ತಾಯಂದಿರು, ಹೆಣ್ಣುಮಕ್ಕಳ ಟಿಕೆಟ್ ಖರ್ಚು ಉಳಿಯುತ್ತದೆ. ಆದರೆ ಆ ಸೌಲಭ್ಯ ರಾಜ್ಯದೊಳಗಿನ ಪ್ರಯಾಣಕ್ಕೆ ಮಾತ್ರ. ಗೋವಾದ ಮೂಲಕ ಹೋಗುವ ಬಸ್ಸಾದರೆ ಮೊದಲೇ ಕೇಳಿಕೊಳ್ಳಬೇಕು. ಹುಬ್ಬಳ್ಳಿ–ಯಲ್ಲಾಪುರ–ಅಂಕೋಲಾ ದಾರಿ ಪೂರ್ತಿ ನಮ್ಮ ರಾಜ್ಯದ್ದೇ. ಲೆಕ್ಕ ಬರೆಯುವ ಮಗು ಎರಡೂ ದಾರಿಯ ಖರ್ಚನ್ನು ಅಕ್ಕಪಕ್ಕ ಬರೆದು ಮನೆಯವರ ಮುಂದಿಡಲಿ.

ಯಾವಾಗ ಹೋಗಬೇಕು? ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೇಡ. ಕಾರವಾರದಲ್ಲಿ ವರ್ಷಕ್ಕೆ ಸುಮಾರು 3,000 ಮಿ.ಮೀ. ಮಳೆ, ನಮ್ಮ ಕಡೆಗಿಂತ ಐದಾರು ಪಟ್ಟು. 2024ರ ಜುಲೈಯಲ್ಲಿ ಅಂಕೋಲಾ ಬಳಿಯ ಶಿರೂರಿನಲ್ಲಿ ಹೆದ್ದಾರಿಯ ಮೇಲೆಯೇ ಗುಡ್ಡ ಕುಸಿದು ಜೀವಗಳು ಹೋದದ್ದು ನೆನಪಿರಬಹುದು. ಜೂನ್, ಜುಲೈಗಳಲ್ಲಿ ಯಂತ್ರದ ದೋಣಿಗಳ ಮೀನುಗಾರಿಕೆಗೂ ನಿಷೇಧ. ನವೆಂಬರ್‌ನಿಂದ ಫೆಬ್ರುವರಿವರೆಗೆ ಹವೆ ಹಿತ. ಆದರೆ ಅದೇ ನಮ್ಮಲ್ಲಿ ಕಬ್ಬು ಕಡಿಯುವ ಕಾಲ. ಮನೆಯ ಕೆಲಸ ನೋಡಿಕೊಂಡು ದಿನ ಗೊತ್ತು ಮಾಡಿ.

ದಿನ ಗೊತ್ತು ಮಾಡುವಾಗ ಗೋಡೆಯ ಪಂಚಾಂಗವನ್ನೂ ನೋಡಿ. ಮುಹೂರ್ತಕ್ಕಲ್ಲ, ಉಬ್ಬರವಿಳಿತಕ್ಕೆ! ಹುಣ್ಣಿಮೆ, ಅಮಾವಾಸ್ಯೆಗಳ ಆಸುಪಾಸಿನಲ್ಲಿ ಸೂರ್ಯ, ಚಂದ್ರ, ಭೂಮಿ ಒಂದೇ ಸಾಲಿಗೆ ಬರುವುದರಿಂದ ಕಡಲು ಹೆಚ್ಚು ಏರಿ ಹೆಚ್ಚು ಇಳಿಯುತ್ತದೆ. ಅಷ್ಟಮಿಯ ಆಚೀಚೆ ಏರಿಳಿತ ಕಡಿಮೆ. ಒಂದು ಉಬ್ಬರದಿಂದ ಇನ್ನೊಂದಕ್ಕೆ ಸುಮಾರು 12 ಗಂಟೆ 25 ನಿಮಿಷ. ಅಂದರೆ ಮೊದಲ ದಿನ ಬೆಳಿಗ್ಗೆ 10 ಗಂಟೆಗೆ ಉಬ್ಬರ ಇದ್ದರೆ, ಮರುದಿನ ಎಷ್ಟು ಗಂಟೆಗೆ? ಏಳನೆಯ ಇಯತ್ತೆಯ ಹುಡುಗಿ ಲೆಕ್ಕ ಹಾಕಿ ಹೇಳಬಲ್ಲಳು: 10 ಗಂಟೆ 50 ನಿಮಿಷಕ್ಕೆ. ದಂಡೆಯಲ್ಲಿ ಕಡ್ಡಿ ನೆಟ್ಟು, ಗಡಿಯಾರ ನೋಡಿ ಅವಳೇ ತಾಳೆ ಹಾಕಲಿ.

ಇನ್ನು ಎರಡು ದಿನದ ಕಾರ್ಯಕ್ರಮ. ಮೊದಲ ದಿನ ಸದಾಶಿವಗಡ. ಸೋಂದೆಯ ಅರಸರ ಕಾಲದ ಕೋಟೆ ಇದ್ದ ಗುಡ್ಡವಿದು. ಮೇಲೆ ನಿಂತರೆ ಕಾಳಿ ಕಡಲು ಸೇರುವ ಜಾಗ ಕೆಳಗೆ ಕಾಣುತ್ತದೆ. ನದಿಯ ಹಳೆಯ ಸೇತುವೆ 2024ರ ಆಗಸ್ಟ್‌ನಲ್ಲಿ ಕುಸಿದದ್ದನ್ನೂ ಹೇಳಿ. ಸೇತುವೆಗೂ ಆಯುಷ್ಯವಿದೆ ಎಂದು ಮಕ್ಕಳಿಗೆ ತಿಳಿಯಲಿ. ಸಂಜೆ ಪೇಟೆಯ ದಂಡೆಯಲ್ಲಿ ಸೂರ್ಯಾಸ್ತ. ಆ ದಂಡೆಗೆ ರವೀಂದ್ರನಾಥ ಟಾಗೋರರ ಹೆಸರು. ಇಲ್ಲಿ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಗೆ 1880ರ ದಶಕದ ಆರಂಭದಲ್ಲಿ ಬಂದಿದ್ದ ತರುಣ ಕವಿ ‘ಪ್ರಕೃತಿರ್ ಪ್ರತಿಶೋಧ್’ ನಾಟಕವನ್ನು ಬರೆದದ್ದು ಈ ಊರಿನಲ್ಲಿ.

ಎರಡನೆಯ ದಿನ ಬೆಳಿಗ್ಗೆ ಬೇಗ ಎದ್ದು ಬೈತಖೋಲ ಬಂದರಿಗೆ ಹೋಗಿ. ದೋಣಿ ಬರುವುದು, ಮೀನು ಇಳಿಸುವುದು, ಹೆಂಗಸರು ಚೌಕಾಶಿ ಮಾಡುವುದನ್ನು ನೋಡಲಿ. ಮೀನು ತಿನ್ನದ ಮನೆಯ ಮಕ್ಕಳೂ ನೋಡಲಿ. ನಮ್ಮಲ್ಲಿ ಕಬ್ಬು ಹೇಗೋ ಅಲ್ಲಿ ಮೀನು ಹಾಗೆ. ನಮ್ಮ ಊರಲ್ಲಿ ಕನ್ನಡ, ಮರಾಠಿ ಕೂಡಿ ಬಾಳುವಂತೆ ಅಲ್ಲಿ ಕನ್ನಡ, ಕೊಂಕಣಿ. ನಾಲ್ಕು ಕೊಂಕಣಿ ಮಾತು ಬರೆದುಕೊಂಡು ಬರಲಿ. ವೇಳೆ ಉಳಿದರೆ ದಂಡೆಯ ಮೇಲಿರುವ ನೌಕಾಪಡೆಯ ಹಳೆಯ ಯುದ್ಧನೌಕೆ ‘ಚಪಲ್’ ಇದೆ. ತೆರೆದಿರುವ ಹೊತ್ತನ್ನು ಊರಲ್ಲಿ ವಿಚಾರಿಸಿ. ಅಲ್ಲಿಗೆ ನಿಲ್ಲಿಸಿ. ‘ಗೋಕರ್ಣ ಇಲ್ಲೇ ಹತ್ತಿರ, ಮುರುಡೇಶ್ವರವೂ ಆಗಿಬಿಡಲಿ’ ಎಂಬ ಆಸೆ ಬಂದೇ ಬರುತ್ತದೆ. ಬಿಡಿ, ಮುಂದಿನ ವರ್ಷಕ್ಕಿರಲಿ.

ಕೊನೆಗೆ ಎಲ್ಲಕ್ಕಿಂತ ಮುಖ್ಯವಾದ ಮಾತು. 2024ರ ಡಿಸೆಂಬರ್‌ನಲ್ಲಿ ಮುರುಡೇಶ್ವರಕ್ಕೆ ಶಾಲಾ ಪ್ರವಾಸ ಹೋಗಿದ್ದ ಕೋಲಾರ ಜಿಲ್ಲೆಯ ನಾಲ್ವರು ವಿದ್ಯಾರ್ಥಿನಿಯರು ಅಲೆಗೆ ಸಿಕ್ಕು ತೀರಿಕೊಂಡರು. ಕಡಲು ಕಾಣದ ಊರಿನ ಮಕ್ಕಳು. ನಮ್ಮ ಮಕ್ಕಳೂ ಅಂಥವರೇ. ಕಾಲುವೆ, ಬಾವಿಯಲ್ಲಿ ಈಜು ಕಲಿತವನಿಗೆ ಧೈರ್ಯ ಹೆಚ್ಚು. ಅವನ ಮೇಲೆಯೇ ಹೆಚ್ಚು ಕಣ್ಣಿರಲಿ. ದಂಡೆಗೆ ಬಂದ ಅಲೆಯ ನೀರು ಮರಳಿ ಹೋಗಬೇಕಲ್ಲವೇ? ಕೆಲವು ಕಡೆ ಅದು ಕಿರಿದಾದ ದಾರಿ ಹಿಡಿದು ಜೋರಾಗಿ ಒಳಕ್ಕೆ ಸೆಳೆಯುತ್ತದೆ. ಮೇಲೆ ಅಲೆ ಕಡಿಮೆ ಇರುವುದರಿಂದ ಆ ಜಾಗವೇ ಶಾಂತವಾಗಿ ಕಾಣುತ್ತದೆ. ಆ ಸೆಳೆತಕ್ಕೆ ಸಿಕ್ಕವರು ದಂಡೆಯ ಕಡೆಗೇ ಈಜಲು ಹೋಗಿ ಸೋಲುತ್ತಾರೆ. ದಂಡೆಗೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ ಸೆಳೆತದಿಂದ ಹೊರಬಂದು, ಆಮೇಲೆ ದಂಡೆಗೆ ತಿರುಗಬೇಕು. ಆಗದಿದ್ದರೆ ತೇಲುತ್ತ ಕೈ ಎತ್ತಿ ಕೂಗಬೇಕು.

ನಿಯಮಗಳು ನಾಲ್ಕೇ ಸಾಕು: ಮೊಣಕಾಲಿಗಿಂತ ಆಳಕ್ಕೆ ಇಳಿಯಬಾರದು, ಅಲೆಗೆ ಬೆನ್ನು ಮಾಡಿ ಫೋಟೋ ತೆಗೆಸಿಕೊಳ್ಳಬಾರದು, ಕೆಂಪು ಬಾವುಟ ಕಂಡರೆ ನೀರು ಮುಟ್ಟಬಾರದು, ಜೀವರಕ್ಷಕರು ಹೇಳಿದ್ದನ್ನು ಪಾಲಕರೇ ಮೊದಲು ಕೇಳಬೇಕು. ಇವನ್ನು ಮಕ್ಕಳ ಕೈಯಿಂದಲೇ ಬರೆಸಿ, ಹೊರಡುವ ಹಿಂದಿನ ರಾತ್ರಿ ಓದಿಸಿ. ಬುತ್ತಿಗೆ ಕಡಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಳ್ಳಿ. ಎರಡು ದಿನ ಕೆಡುವುದಿಲ್ಲ, ಖರ್ಚೂ ಉಳಿಯುತ್ತದೆ. ಜೊತೆಗೊಂದು ನೋಟುಬುಕ್ಕು. ಅಜ್ಜಿ ಕೇಳುವ ಪ್ರಶ್ನೆಗೆ ಈ ಸಲ ನಾಲ್ಕು ಪುಟದ ಉತ್ತರ ಸಿಕ್ಕರೆ ಪ್ರವಾಸದ ಹಣ ದಕ್ಕಿತೆಂದೇ ತಿಳಿಯಿರಿ.